ಫಿಲಿಪ್ ಮಾದರಿಯಲ್ಲಿ ‘ಎ’ ಮೈನಸ್ ಬರ್ತಿದೆ, ಯಾಕೆ?

ಪ್ರಶ್ನೆ: ಮಣ್ಣಿಗೆ ನೀರು ಇಂಗುವುದನ್ನು ಲೆಕ್ಕ ಹಾಕಲು ಫಿಲಿಪ್ ಸೂತ್ರ ಬಳಸುತ್ತಿದ್ದೇನೆ: ಇಂಗಿದ ಒಟ್ಟು ನೀರು = ಎಸ್ × √ಕಾಲ + ಎ × ಕಾಲ (‘ಎಸ್’ ಮಣ್ಣಿನ ಹೀರುವಿಕೆ). ದೊಡ್ಡಬಳ್ಳಾಪುರದ ಕಡೆ ರಾಗಿ ಹೊಲ, ಮರಳು ಮಿಶ್ರಿತ ಕೆಂಪು ಮಣ್ಣು. 30 ಮತ್ತು 60 ಸೆಂ.ಮೀ. ವ್ಯಾಸದ ಜೋಡಿ ಉಂಗುರ (ಒಂದರೊಳಗೊಂದು ನೆಲಕ್ಕೆ ಊರಿ ನೀರು ತುಂಬಿ, ಒಳಗಿನದರಲ್ಲಿ ಇಂಗುವುದನ್ನು ಅಳೆಯುವುದು), 40 ನಿಮಿಷದ ರೀಡಿಂಗ್. ಇಂಗಿದ ಒಟ್ಟು ನೀರನ್ನು √ಕಾಲದಿಂದ ಭಾಗಿಸಿ, √ಕಾಲದ ಎದುರು ಗ್ರಾಫ್ ಹಾಕಿದರೆ ಗೆರೆ ಇಳಿಮುಖ. ಲೆಕ್ಕ ತಪ್ಪೇ?

ಉತ್ತರ 1: ಲೆಕ್ಕ ಸರಿ ಇದೆ ಸರ್, ಆ ಗೆರೆಯ ಇಳಿಜಾರೇ ‘ಎ’, ಗೆರೆ ಇಳಿದರೆ ಅದು ಮೈನಸ್. ಮಣ್ಣು ಆಳದವರೆಗೂ ಒಂದೇ ಥರ ಅಂತ ಫಿಲಿಪ್ ಮಾದರಿಯ ಊಹೆ. ನಮ್ಮ ಕೆಂಪು ಮಣ್ಣಿನಲ್ಲಿ ಮೇಲೆ ಮರಳು, ಕೆಳಗೆ ಜೇಡಿ ಸಾಮಾನ್ಯ. ಇಳಿಯುವ ನೀರು ಜೇಡಿಯನ್ನು ಮುಟ್ಟಿದ ಕೂಡಲೇ ಇಂಗುವ ವೇಗ ಕುಸಿಯುತ್ತದೆ, ‘ಎ’ ಮೈನಸ್ ಆಗುತ್ತದೆ. ಆಗರ್ (ಮಣ್ಣು ಕೊರೆಯುವ ಸಾಧನ) ಹಾಕಿ 60 ಸೆಂ.ಮೀ.ವರೆಗೆ ನೋಡಿ. ಜೇಡಿ ಸಿಕ್ಕರೆ ಗ್ರೀನ್-ಆಂಪ್ಟ್ ಎಂಬ ಇನ್ನೊಂದು ಇಂಗುವಿಕೆ ಮಾದರಿಯನ್ನು ಪದರವಾರು ಬಳಸಿ. ಅದರಲ್ಲಿ ಮರಳುಗೋಡಿಗೆ (ಮರಳು ಹೆಚ್ಚಿರುವ ಗೋಡು ಮಣ್ಣು, ಸ್ಯಾಂಡಿ ಲೋಮ್) ಆರಂಭಿಕ ಅಂದಾಜು: ವಾಹಕತೆ (ಮಣ್ಣು ನೀರು ಬಿಡುವ ವೇಗ) ಗಂಟೆಗೆ 1.09 ಸೆಂ.ಮೀ., ಹೀರುಬಲ (ಒಣ ಮಣ್ಣು ನೀರು ಎಳೆಯುವ ಬಲ, ನೀರಿನ ಎತ್ತರದಲ್ಲಿ) 11 ಸೆಂ.ಮೀ.

ಉತ್ತರ 2: ಅದಕ್ಕೂ ಮೊದಲು ಹೊರ ಉಂಗುರ ನೋಡಿ. ಅಲ್ಲಿ ನೀರಿನ ಮಟ್ಟ ಇಳಿದರೆ ಒಳಗಿನ ಉಂಗುರದ ನೀರು ಪಕ್ಕಕ್ಕೆ ಹರಿದು ಆರಂಭದ ವೇಗ ಸುಳ್ಳೇ ಹೆಚ್ಚುತ್ತದೆ. ಮೇಲ್ಮಣ್ಣು ಕದಡದಂತೆ ಗೋಣಿತಾಟಿನ ಮೇಲೆ ನೀರು ಸುರಿಯಿರಿ. ವೇಗ ಸ್ಥಿರವಾಗುವ ತನಕ, ಎರಡು-ಮೂರು ಗಂಟೆಯಾದರೂ ಸರಿ, ರೀಡಿಂಗ್ ತೆಗೆಯಿರಿ. ಇನ್ನೊಂದು: ಮಳೆಹನಿ ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟುವುದು ಉಂಗುರದಲ್ಲಿ ಕಾಣುವುದಿಲ್ಲ, ಮಳೆನೀರು ಎಷ್ಟು ಹರಿದುಹೋಗುತ್ತದೆ ಎಂಬ ಲೆಕ್ಕಕ್ಕೆ ಉಂಗುರದ ಅಂಕಿ ಹಾಗೇ ಹಾಕಬೇಡಿ.