ಅರ್ಹ ರೋಗಿಗೂ ಲೋ-ಡೋಸ್ ಸಿಟಿ ಬರೆಯಲು ಅಮೆರಿಕದ ವೈದ್ಯರು ಹಿಂಜರಿಯುವುದೇಕೆ?

ಪ್ರಶ್ನೆ
ಧೂಮಪಾನಿಗಳಲ್ಲಿ ಶ್ವಾಸಕೋಶ ಕ್ಯಾನ್ಸರನ್ನು ಲಕ್ಷಣ ಕಾಣುವ ಮೊದಲೇ ಹುಡುಕಲು (ಸ್ಕ್ರೀನಿಂಗ್) ಲೋ-ಡೋಸ್ ಸಿಟಿ, ಅಂದರೆ ಕಡಿಮೆ ವಿಕಿರಣದ ಸ್ಕ್ಯಾನ್ ಮಾಡುತ್ತಾರೆ. ಅದು ಯಾರಿಗೆ ಎಂದು ಹೇಳುವ ಅಮೆರಿಕದ ತಜ್ಞರ ಸಮಿತಿ ಯುಎಸ್‌ಪಿಎಸ್‌ಟಿಎಫ್‌ನ ಮಾರ್ಗಸೂಚಿ 2021ರಲ್ಲೇ ಸಡಿಲವಾಯಿತು: ವಯಸ್ಸು 50ರಿಂದ 80, ಕನಿಷ್ಠ 20 ಪ್ಯಾಕ್-ಇಯರ್ (ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್), ಈಗಲೂ ಸೇದುತ್ತಿರಬೇಕು ಇಲ್ಲವೇ ಬಿಟ್ಟು 15 ವರ್ಷದೊಳಗಿರಬೇಕು. ಆದರೂ ಅರ್ಹರಲ್ಲಿ ಬಹುಪಾಲು ಜನರಿಗೆ ಸ್ಕ್ಯಾನ್ ಆಗುತ್ತಿಲ್ಲ. ವೈದ್ಯರಿಗೆ ಪುರಾವೆಯ ಮೇಲೇ ನಂಬಿಕೆ ಇಲ್ಲವೇ?

ಉತ್ತರ 1
ಮೊದಲು ಅನುಮಾನ ಇದ್ದದ್ದು ನಿಜ ಸರ್. 2011ರ ಎನ್‌ಎಲ್‌ಎಸ್‌ಟಿ ಎಂಬ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 53 ಸಾವಿರಕ್ಕೂ ಹೆಚ್ಚು ಜನರಿದ್ದರು. ಎಕ್ಸ್-ರೇ ಗುಂಪಿಗಿಂತ ಸಿಟಿ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20 ಕಡಿಮೆ. ಆದರೆ ಸಿಟಿಯಲ್ಲಿ ಪಾಸಿಟಿವ್ ಬಂದವುಗಳಲ್ಲಿ ಸುಮಾರು ಶೇ. 96 ಕ್ಯಾನ್ಸರ್ ಆಗಿರಲಿಲ್ಲ. ಹಲವರ ತಲೆಯಲ್ಲಿ ಉಳಿದದ್ದು ಈ ಎರಡನೆಯ ಅಂಕಿ. ಅಲ್ಲಿ 4 ಮಿ.ಮೀ. ಗಂಟನ್ನೂ ಪಾಸಿಟಿವ್ ಎಂದು ಎಣಿಸಿದ್ದರು. ಸ್ಕ್ಯಾನ್ ವರದಿಯನ್ನು ವರ್ಗೀಕರಿಸುವ ಈಗಿನ ಪದ್ಧತಿಯಾದ ಲಂಗ್-ರ್‍ಯಾಡ್ಸ್ ಪ್ರಕಾರ ಮೊದಲ ಸ್ಕ್ಯಾನಿನ ಘನ ಗಂಟು 6 ಮಿ.ಮೀ.ಗಿಂತ ಚಿಕ್ಕದಿದ್ದರೆ ಮುಂದಿನ ವರ್ಷದ ಸ್ಕ್ಯಾನ್ ಸಾಕು. ಹಳೆಯ ಅಂಕಿಯಿಂದ ಇಂದಿನ ರೋಗಿಯನ್ನು ಹೆದರಿಸುವುದು ತಪ್ಪು.

ಉತ್ತರ 2
ನನ್ನ ಮಟ್ಟಿಗೆ ದೊಡ್ಡ ತೊಡಕು ಪ್ಯಾಕ್-ಇಯರ್ ಲೆಕ್ಕ. ಕಂಪ್ಯೂಟರ್ ದಾಖಲೆಯಲ್ಲಿ ಎಷ್ಟೋ ಸಲ "ಧೂಮಪಾನ: ಹೌದು" ಎಂದಷ್ಟೇ ಇರುತ್ತದೆ. ಅರ್ಹತೆ ಗೊತ್ತಾಗದಿದ್ದರೆ ವೈದ್ಯರಿಗೆ ನೆನಪೋಲೆಯೂ ಬರದು.

ಒಬ್ಬರು 25 ವರ್ಷ ದಿನಕ್ಕೊಂದು ಪ್ಯಾಕ್ (20 ಸಿಗರೇಟು) ಸೇದಿ, ಆಮೇಲೆ 8 ವರ್ಷ ದಿನಕ್ಕೆ 5ಕ್ಕೆ ಇಳಿಸಿದ್ದಾರೆ ಅನ್ನಿ. ಇಂದಿನ 5ನ್ನೇ ಹಿಡಿದು 33 ವರ್ಷಕ್ಕೆ ಗುಣಿಸಿದರೆ ಸಿಗುವುದು 8.25, ಅಂದರೆ ಅನರ್ಹ. ಹಂತ ಹಂತವಾಗಿ ಕೂಡಿದರೆ 25 + 2 = 27. ಕಡಿಮೆ ಮಾಡಿಕೊಂಡವರೇ ಪಟ್ಟಿಯಿಂದ ಬಿದ್ದುಹೋಗುತ್ತಾರೆ! ರಕ್ತದೊತ್ತಡ ನೋಡುವ ಸಿಬ್ಬಂದಿಯೇ "ಯಾವ ವಯಸ್ಸಿನಲ್ಲಿ ಎಷ್ಟು?" ಎಂದು ಕೇಳಿ ಬರೆದಿಟ್ಟರೆ ವೈದ್ಯರ ಕೆಲಸ ಅರ್ಧ ಮುಗಿದಂತೆ.

ಉತ್ತರ 3
ಸಮಯವನ್ನೂ ಸೇರಿಸಿ. ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ಮುಗಿದ ಮೇಲೆ ಇದಕ್ಕೆ ಉಳಿಯುವುದು ಎರಡು ನಿಮಿಷ. ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲಿ ಮೊದಲ ಸ್ಕ್ಯಾನಿಗೆ ಮುನ್ನ ಲಾಭ-ಹಾನಿ ಚರ್ಚಿಸಿ ದಾಖಲಿಸಲೇಬೇಕು. ಗರಿಷ್ಠ ವಯಸ್ಸೂ ಅಲ್ಲಿ 80 ಅಲ್ಲ, 77. ಆ ಮಾತುಕತೆಯನ್ನು ತರಬೇತಾದ ಸಿಬ್ಬಂದಿ ನಡೆಸಲು 2022ರಿಂದ ಅವಕಾಶವಿದೆ.

ಹಿಂಜರಿಕೆಯೇ ಸರಿಯಾಗಿರುವ ಸಂದರ್ಭಗಳೂ ಇವೆ. ಮನೆಯಲ್ಲಿ ಆಕ್ಸಿಜನ್ ಮೇಲಿರುವ, ಶಸ್ತ್ರಚಿಕಿತ್ಸೆ ತಾಳಲಾರದ ರೋಗಿಗೆ ಗಂಟು ಹುಡುಕಿ ಪ್ರಯೋಜನವಿಲ್ಲ. ಕಫದಲ್ಲಿ ರಕ್ತ ಬರುತ್ತಿದ್ದರೆ ಅದು ಸ್ಕ್ರೀನಿಂಗ್ ಅಲ್ಲವೇ ಅಲ್ಲ, ಕೂಡಲೇ ರೋಗಪತ್ತೆಯ ಸಿಟಿ ಬೇಕು.

ಇನ್ನು ವರದಿಯಲ್ಲಿ ಅನುಮಾನದ ಗಂಟು ಬಂದರೆ 3 ಅಥವಾ 6 ತಿಂಗಳಿಗೆ ರೋಗಿಯನ್ನು ಮತ್ತೆ ಕರೆಸುವವರು ಯಾರು? ಅದಕ್ಕೆಂದೇ ಒಬ್ಬ ನರ್ಸ್ ಇರುವ ಕಡೆ ವೈದ್ಯರು ಧೈರ್ಯವಾಗಿ ಬರೆಯುತ್ತಾರೆ. ಭಾರತದಿಂದ ಹೋದವರಲ್ಲಿ ಹಳೇ ಕ್ಷಯದ ಕಲೆಗಳೂ ಗಂಟಿನಂತೆ ಕಾಣಬಹುದು. ಊರಿನಲ್ಲಿ ತೆಗೆಸಿದ ಹಳೇ ಸಿಟಿ ಇದ್ದರೆ ವರದಿಯಷ್ಟೇ ಅಲ್ಲ, ಚಿತ್ರಗಳಿರುವ ಸಿಡಿಯನ್ನೇ ಕೊಡಿ. ವರ್ಷಗಳಿಂದ ಬದಲಾಗದ ಗಂಟು ಎಂದು ತೋರಿಸಲು ಅದೇ ಬೇಕು.