ಆಲ್ದೋ ಬರೆದ ಮೇಲೆ ಬಟ್ ಯಾಕೆ ಬರೆಯಬಾರದು?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹರಿಹರ): ಸರ್, ದುರ್ಗದ ಕೋಟೆಗೆ ಟೂರ್ ಹೋಗಿದ್ದರ ಬಗ್ಗೆ ಪ್ರಬಂಧ ಬರೆದಿದ್ದೆ. ‘ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ಕ್ಲೈಂಬ್ಡ್ ದಿ ಫೋರ್ಟ್’ ಅನ್ನೋ ಸಾಲಿನಲ್ಲಿ ಬಟ್‌ಗೆ ಕೆಂಪು ಗೀಟು ಬಿದ್ದಿದೆ. ಅರ್ಥ ಆಗುತ್ತಲ್ಲ ಸರ್, ತಪ್ಪೇನು?

ಉತ್ತರ (ಇಂಗ್ಲಿಷ್ ಉಪನ್ಯಾಸಕ, ದಾವಣಗೆರೆ): ಅರ್ಥ ಆಗುತ್ತೆ ನೋಡಮ್ಮ, ಆದರೆ ಒಂದೇ ಕಡೆ ಎರಡು ಗಂಟು ಹಾಕಿದ್ದೀಯ. ಈ ತಪ್ಪು ನಿನ್ನೊಬ್ಬಳದಲ್ಲ. ನಾನು ತಿದ್ದುವ ಪ್ರತಿ ಕಟ್ಟಿನಲ್ಲೂ ಸಿಗುತ್ತೆ, ಅದಕ್ಕೆ ಕಾರಣ ನಮ್ಮ ಕನ್ನಡದ ಕಿವಿ.

ಇದನ್ನೇ ಕನ್ನಡದಲ್ಲಿ ಹೇಳಿ ನೋಡು. ‘ಮಳೆ ಬರ್ತಿದ್ದರೂ ಕೋಟೆ ಹತ್ತಿದೆವು.’ ಇಲ್ಲವೇ ‘ಮಳೆ ಬರ್ತಿತ್ತು, ಆದರೂ ಹತ್ತಿದೆವು.’ ಹೇಗೆ ಹೇಳಿದರೂ ಕೊಂಡಿ ಬೀಳುವುದು ಎರಡು ಮಾತು ಕೂಡುವ ಜಾಗದಲ್ಲೇ. ಆಲ್ದೋ ಹಾಗಲ್ಲ, ವಾಕ್ಯದ ತಲೆಯಲ್ಲೇ ಕೂತುಬಿಡುತ್ತೆ. ಬರೀತಾ ಬರೀತಾ ಕಾಮಾ ಹತ್ತಿರ ಬಂದಾಗ ಆ ಜಾಗ ನಮಗೆ ಖಾಲಿ ಅನ್ನಿಸುತ್ತೆ. ‘ಆದರೂ’ ಬರಬೇಕಿತ್ತಲ್ಲ ಅಂತ ಕೈ ತಾನೇ ಬಟ್ ಬರೆದುಬಿಡುತ್ತೆ. ಇಂಗ್ಲಿಷ್‌ನಲ್ಲಿ ಆ ಕಾಮಾ ಸಾಕು. ಆಲ್ದೋ ಇಟ್ಟುಕೊಂಡರೆ ಬಟ್ ತೆಗಿ, ಬಟ್ ಬೇಕಿದ್ದರೆ ಆಲ್ದೋ ಬಿಡು.

‘ಬಿಕಾಸ್ ದಿ ಬಸ್ ವಾಸ್ ಲೇಟ್, ಸೋ ಐ ಮಿಸ್ಡ್ ದಿ ಕ್ಲಾಸ್’ ಕೂಡ ಇದೇ ಜಾತಿ. ಬಿಕಾಸ್ ಇದ್ದ ಮೇಲೆ ಸೋ ಬೇಡ. ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ಆಲ್ದೋ ಜೊತೆ ಯೆಟ್ ಕಾಣಬಹುದು, ಅದು ತಪ್ಪಲ್ಲ. ಅಲ್ಲಿ ಯೆಟ್ ವಾಕ್ಯ ಜೋಡಿಸುತ್ತಿಲ್ಲ, ‘ಅಷ್ಟಾದರೂ’ ಅಂತ ಒತ್ತು ಕೊಡುತ್ತಿದೆ ಅಷ್ಟೇ.

ಪ್ರಶ್ನೆ (ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು, ಹೊಳಲ್ಕೆರೆ): ಸರ್, ಡಿಸ್ಪೈಟ್‌ಗೂ ಆಲ್ದೋಗೂ ಅರ್ಥ ಒಂದೇ ಅಂತಾರೆ. ಹಾಗಾದರೆ ಆಯ್ಕೆ ಪ್ರಶ್ನೆಯಲ್ಲಿ ಯಾವುದಕ್ಕೆ ಟಿಕ್ ಹಾಕೋದು?

ಉತ್ತರ: ಅರ್ಥ ಬಿಡಿ, ಮುಂದೆ ಏನಿದೆ ನೋಡಿ. ‘ಮಳೆ ಬಂದರೂ’ ಅನ್ನುವಾಗ ಕ್ರಿಯಾಪದ ಇದೆ, ಅದು ಆಲ್ದೋ. ಪತ್ರಿಕೆಯವರು ‘ವಿರೋಧದ ನಡುವೆಯೂ’ ಅಂತ ಬರೀತಾರಲ್ಲ, ಅಲ್ಲಿರೋದು ಬರೀ ನಾಮಪದ, ಅದು ಡಿಸ್ಪೈಟ್. ‘ಆಲ್ದೋ ಇಟ್ ರೇನ್ಡ್’, ‘ಡಿಸ್ಪೈಟ್ ದಿ ರೇನ್’. ಡಿಸ್ಪೈಟ್ ಮುಂದೆ ಆಫ್ ಸೇರಿಸಲೇಬೇಡಿ. ಆಫ್ ಬೇಕಾಗೋದು ಇನ್ ಸ್ಪೈಟ್‌ಗೆ ಮಾತ್ರ.

ಪ್ರಶ್ನೆ (ಪ್ರಾಥಮಿಕ ಶಾಲಾ ಶಿಕ್ಷಕಿ, ಹಿರಿಯೂರು): ಹೌಎವರ್ ಹಿಂದೆ ಕಾಮಾ ಹಾಕಿದ್ದು ತಪ್ಪು ಅಂದರು. ಬಟ್ ಹಿಂದೆ ಹಾಕಬಹುದಂತೆ. ಎರಡೂ ‘ಆದರೆ’ ತಾನೇ?

ಉತ್ತರ: ಎರಡಕ್ಕೂ ಕನ್ನಡ ಒಂದೇ ಪದ ಕೊಟ್ಟಿದ್ದರಿಂದಲೇ ಈ ತೊಡಕು ಮೇಡಂ. ಎರಡು ವಾಕ್ಯವನ್ನು ಹೊಲಿಯೋ ಶಕ್ತಿ ಬಟ್‌ಗಿದೆ, ಹೌಎವರ್‌ಗಿಲ್ಲ. ನಿಮ್ಮೂರಿನದೇ ಉದಾಹರಣೆ ತಗೊಳ್ಳಿ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದಿದ್ದು 2022ರಲ್ಲಿ, 89 ವರ್ಷದ ಮೇಲೆ. ‘ದಿ ಡ್ಯಾಮ್ ಓವರ್‌ಫ್ಲೋಡ್ ಇನ್ 1933’ ಅಂತ ಬರೆದು ಫುಲ್‌ಸ್ಟಾಪ್ ಇಡಿ. ನಂತರ ದೊಡ್ಡ ಅಕ್ಷರದಲ್ಲಿ ಹೌಎವರ್, ಅದರ ಮುಂದೆ ಕಾಮಾ, ಆಮೇಲೆ ‘ಇಟ್ ಡಿಡ್ ನಾಟ್ ಓವರ್‌ಫ್ಲೋ ಅಗೇನ್ ಅಂಟಿಲ್ 2022’. ಫುಲ್‌ಸ್ಟಾಪ್ ಬದಲು ಸೆಮಿಕೋಲನ್ ಇಟ್ಟು ಸಣ್ಣ ಅಕ್ಷರದಲ್ಲಿ ಬರೆದರೂ ಸರಿ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಬೇಡಿ, ಬೋರ್ಡ್ ಮೇಲೆ ಬರೆದು ಆ ಚುಕ್ಕೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿ.

ಪ್ರಶ್ನೆ (ಹರಿಹರದ ವಿದ್ಯಾರ್ಥಿನಿ): ಕೊನೇದು ಸರ್. ‘ಅನ್‌ಲೆಸ್ ಯು ಡೋಂಟ್ ಸ್ಟಡಿ, ಯು ವಿಲ್ ಫೇಲ್’ ಸರೀನಾ?

ಉತ್ತರ: ತಪ್ಪು. ಅನ್‌ಲೆಸ್ ಅಂದರೇನೇ ‘ಇಲ್ಲದಿದ್ದರೆ’, ಆ ‘ಇಲ್ಲ’ ಅದರ ಹೊಟ್ಟೆಯೊಳಗೇ ಇದೆ. ನೀನು ಬರೆದದ್ದು ‘ಓದಿದರೆ ಫೇಲ್ ಆಗ್ತೀಯ’ ಅಂತಾಗುತ್ತೆ. ಡೋಂಟ್ ತೆಗೆದು ಇನ್ನೊಮ್ಮೆ ಓದು.