ಬಡಾವಣೆ ಸಂಘದ ಸಮುದಾಯ ಭವನ: ಪುರಸಭೆಗೆ ಬರೆದುಕೊಡಬೇಕಾ?

ಬಡಾವಣೆ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಪುರಸಭೆ ಊರು. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಸ್ವಂತ ಸಮುದಾಯ ಭವನ ಇದೆ. ಸೈಟು ಸಂಘದ ಹೆಸರಿಗೇ ನೋಂದಣಿ ಆಗಿದೆ, ಕಟ್ಟಡ ಮನೆಮನೆಯ ಚಂದಾದಿಂದ ಆಗಿದ್ದು. ನಾಮಕರಣ, ಸೀಮಂತ, ತಿಥಿ ಊಟ ಎಲ್ಲ ಅಲ್ಲೇ. ಸಂಜೆ ಮಕ್ಕಳ ಭರತನಾಟ್ಯ ಕ್ಲಾಸು. ಪೋಲಿಯೊ ಹನಿ ಹಾಕುವುದೂ ಅಲ್ಲೇ. ಬೀಗದ ಕೈ ಎದುರಿನ ಟೈಲರ್ ಅಂಗಡಿಯಲ್ಲಿರುತ್ತದೆ, ತಗೊಂಡವರು ಅಲ್ಲಿನ ನೋಟ್‌ಬುಕ್ಕಿನಲ್ಲಿ ಸಹಿ ಹಾಕುತ್ತಾರೆ.

ಈಗ ವೇದಿಕೆ ಮೇಲಿನ ಶೀಟು ಸೋರುತ್ತಿದೆ. ಹೋದ ಮಳೆಗಾಲದಲ್ಲಿ ಒಂದು ಸೀಮಂತಕ್ಕೆ ಹಸೆ ಹಾಕಿದ ಜಾಗದಲ್ಲೇ ನೀರು ಬಿತ್ತು. ಬಸುರಿ ಹುಡುಗಿಯನ್ನು ಎಬ್ಬಿಸಿ ಬಾಗಿಲ ಹತ್ತಿರ ಕೂರಿಸಿ ಆರತಿ ಮಾಡಿದೆವು. ನಮ್ಮ ವಾರ್ಡಿನ ಸದಸ್ಯರು, 'ಭವನವನ್ನು ಪುರಸಭೆಗೆ ಬರೆದುಕೊಡಿ, ಆರ್‌ಸಿಸಿ ಹಾಕಿಸಿಕೊಡುತ್ತೇವೆ' ಎನ್ನುತ್ತಿದ್ದಾರೆ. ಕಮಿಟಿಯಲ್ಲಿ ಅರ್ಧ ಜನ ಆಯ್ತು ಅಂತಾರೆ. ಹಿರಿಯರು, 'ನಮ್ಮ ದುಡ್ಡಿನ ಕಟ್ಟಡದಲ್ಲಿ ಪುರಸಭೆಗೇನು ಕೆಲಸ?' ಅಂತಾರೆ. ಖಾಸಗಿ ಭವನದ ಮೇಲೆ ಪುರಸಭೆಗೆ ನಿಜಕ್ಕೂ ಎಷ್ಟು ಹಕ್ಕಿದೆ? ಅನುದಾನ ತಗೊಂಡರೆ ನಾವು ಏನು ಬಿಟ್ಟುಕೊಡಬೇಕಾಗುತ್ತದೆ?

ನಿವೃತ್ತ ಕಂದಾಯ ಶಾಖೆ:
ಮೇಡಂ, ನಾನು ಇನ್ನೊಂದು ಜಿಲ್ಲೆಯ ಪುರಸಭೆಗೆ ಬಿಲ್ ಕಲೆಕ್ಟರ್ ಆಗಿ ಸೇರಿ ಕಂದಾಯ ಶಾಖೆಯಲ್ಲೇ ನಿವೃತ್ತನಾದವನು. ಚಂದಾ ಲೆಕ್ಕ ಆಮೇಲೆ ನೋಡೋಣ. ಮೊದಲು ಬಡಾವಣೆಯ ಮಂಜೂರಾದ ನಕ್ಷೆ ತೆಗೆಸಿ. ಸುಮ್ನೆ ಕೇಳಿದರೆ ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ಸೈಟಿನ ಮೇಲೆ ನಕ್ಷೆಯಲ್ಲಿ ಏನು ಬರೆದಿದೆ, ಖಾತೆಯ ನಮೂನೆ 3ರಲ್ಲಿ ಯಾರ ಹೆಸರಿದೆ, ಇವೆರಡೂ ಗೊತ್ತಾಗದೆ ಯಾರೊಂದಿಗೂ ಮಾತಿಗೆ ಕೂರಬೇಡಿ.

ಯಾಕೆ ಹೇಳುತ್ತೇನೆ ಅಂದರೆ, ರಸ್ತೆ, ಪಾರ್ಕು ಎಂದು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಜಾಗದಲ್ಲಿ ಎಷ್ಟೇ ಚಂದಾ ಹಾಕಿ ಕಟ್ಟಿದ್ದರೂ ನೆಲ ನಿಮ್ಮದಾಗುವುದಿಲ್ಲ. ಹಾಗಂತ ಪುರಸಭೆಯೂ ಅದನ್ನು ಮನಸ್ಸಿಗೆ ಬಂದವರಿಗೆ ಕೊಡುವ ಹಾಗಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಸಿಎ ಸೈಟಿನ, ಅಂದರೆ ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಜಾಗದ ಲೆಕ್ಕ ಇನ್ನೊಂದು. ಬೆಂಗಳೂರಿನಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಂಥ ಜಾಗವನ್ನು ಸಂಘ, ಟ್ರಸ್ಟುಗಳಿಗೆ 30 ವರ್ಷದ ಗುತ್ತಿಗೆಗೆ ಕೊಡುತ್ತದೆ. ಕಟ್ಟಡ ಸಂಘ ಕಟ್ಟಿಕೊಳ್ಳಬಹುದು, ನೆಲದ ಒಡೆತನ ಬಿಡಿಎಯದ್ದೇ.

ನೆಲ ನಿಮ್ಮದೇ ಆಗಿದ್ದರೆ ಪುರಸಭೆ ಮಾಲೀಕ ಅಲ್ಲ. ಆದರೆ ಅದಕ್ಕೆ ಅಲ್ಲಿ ಕೆಲಸವೇ ಇಲ್ಲ ಅನ್ನುವುದೂ ತಪ್ಪು. ಆರ್‌ಸಿಸಿ ಹಾಕಲು ಅದರ ಅನುಮತಿ ಬೇಕು. ಆಸ್ತಿ ತೆರಿಗೆ ಕಟ್ಟಬೇಕು. ಊಟದ ಎಲೆ ಚರಂಡಿ ಸೇರಿದರೆ ನೋಟಿಸ್ ಬರುತ್ತದೆ. ತೆರಿಗೆ ಕೆಲಸಕ್ಕೆ ಇಂಥ ಭವನಗಳಿಗೆ ಹೋದಾಗ, 'ಸಂಘದ್ದು ಸಾರ್, ಬಾಡಿಗೆ ಗೀಡಿಗೆ ಇಲ್ಲ' ಎನ್ನುತ್ತಿದ್ದರು. ಗೋಡೆಯ ಕ್ಯಾಲೆಂಡರ್ ತಿರುಗಿಸಿ ನೋಡಿದರೆ ಮುಹೂರ್ತದ ದಿನಕ್ಕೆಲ್ಲ ಒಂದೊಂದು ಹೆಸರು, ಪಕ್ಕದಲ್ಲಿ ಅಡ್ವಾನ್ಸ್ ಬಂದ ಮೊತ್ತ. ಬಾಡಿಗೆ ತಗೊಳ್ಳುತ್ತಿದ್ದರೆ ರಸೀದಿ ಹಾಕಿ, ಲೆಕ್ಕ ಇಡಿ.

ಬರೆದುಕೊಡುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಪುರಸಭೆಯ ಆಸ್ತಿ ವಹಿಗೆ ಏರಿತು ಅಂದರೆ ಬಾಡಿಗೆ ಎಷ್ಟು, ಬೀಗ ಯಾರ ಕೈಯಲ್ಲಿ ಅನ್ನುವುದು ಕೌನ್ಸಿಲ್ ಸಭೆಯ ತೀರ್ಮಾನ. ಆಮೇಲೆ ಟೈಲರ್ ಅಂಗಡಿಯ ನೋಟ್‌ಬುಕ್ಕಿಗೆ ಬೆಲೆ ಇರುವುದಿಲ್ಲ.

ಕುಂದಾಪುರದವಳು:
ಮೇಲಿನ ಅಣ್ಣ ಹೇಳಿದ್ದು ಕಾಗದದ ಮಟ್ಟಿಗೆ ಸರಿ. ಆದರೆ ಪಂಚಾಯತ್ ದುಡ್ಡು ಅಂದ ಕೂಡಲೇ ಹೆದರಬೇಕಾಗಿಲ್ಲ. ನಮ್ಮೂರಿನ ಯುವಕ ಮಂಡಲದ ಕಟ್ಟಡಕ್ಕೆ ಪಂಚಾಯತಿನಿಂದ ಶೌಚಾಲಯ, ನೀರಿನ ಟ್ಯಾಂಕು ಆಯಿತು. ಕಟ್ಟಡ ಮಂಡಲದ ಹೆಸರಲ್ಲೇ ಉಳಿದಿದೆ. ಯಾರೇ ಕೇಳಿದರೂ ಕೊಡಬೇಕು, ದರ ಗೋಡೆ ಮೇಲೆ ಬರೆದಿರಬೇಕು ಎಂದು ಕರಾರಿನಲ್ಲಿ ಬರೆಸಿಕೊಂಡರು.

ಆ ಕರಾರು ಬಂದ ಮೇಲೆಯೇ ನಮ್ಮಲ್ಲಿ ಒಂದು ಅನ್ಯಾಯ ನಿಂತದ್ದು. ಅಲ್ಲಿಯವರೆಗೆ ಕೆಳಗಿನ ಕೇರಿಯ ಒಂದು ಮನೆಯವರು ಯಾವಾಗ ಕೇಳಿದರೂ 'ಬುಕ್ ಆಗಿದೆ' ಎಂಬ ಉತ್ತರ. ಆ ಮನೆಯ ಹುಡುಗಿಯ ನಿಶ್ಚಿತಾರ್ಥ ಅಂಗಳದಲ್ಲಿ ಚಪ್ಪರ ಹಾಕಿ ನಡೆಯಿತು. ಅದೇ ದಿನ ಸಭಾಂಗಣಕ್ಕೆ ಬೀಗ ಹಾಕಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ. ಅಸ್ಪೃಶ್ಯತೆಯ ಹೆಸರಲ್ಲಿ ಸಾರ್ವಜನಿಕರಿಗೆಂದು ಬಿಟ್ಟ ಜಾಗಕ್ಕೆ ತಡೆದರೆ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಆದರೆ ಬಾಯಲ್ಲಿ ಹೇಳುವುದು 'ಬುಕ್ ಆಗಿದೆ' ಅಂತ ಮಾತ್ರ ಅಲ್ವಾ, ಯಾರು ಸಾಬೀತು ಮಾಡುತ್ತಾರೆ? 'ನಮ್ಮ ದುಡ್ಡು, ನಮ್ಮ ಕಟ್ಟಡ' ಅನ್ನುವ ಹಿರಿಯರನ್ನು ಒಂದು ಮಾತು ಕೇಳಿ ಅಕ್ಕ: ಬೀದಿ ಗುಡಿಸುವವರ ಮನೆಯ ನಾಮಕರಣ ಅಲ್ಲಿ ಆಗಿದೆಯಾ?

ಧಾರವಾಡ ವಕೀಲ:
ಒಂದು ಸಣ್ಣ ವಿಷಯ. ರಾತ್ರಿ ಧ್ವನಿವರ್ಧಕದ ದೂರು ಬಂದರೆ ಜನ ಪುರಸಭೆಗೆ ಓಡುತ್ತಾರೆ. ಫೋನ್ ಮಾಡಬೇಕಾದ್ದು ಪೊಲೀಸರಿಗೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಸಮುದಾಯ ಭವನದಂಥ ಮುಚ್ಚಿದ ಕಟ್ಟಡದೊಳಗೆ, ಒಳಗಿನವರಿಗೆ ಕೇಳಿಸುವಷ್ಟಕ್ಕೆ ವಿನಾಯಿತಿ ಇದೆ. ಬಾಗಿಲು ತೆರೆದಿಟ್ಟು ಬೀದಿಗೆಲ್ಲ ಕೇಳಿಸಿದರೆ ಆ ವಿನಾಯಿತಿ ಹೇಳಿಕೊಳ್ಳಲು ಆಗುವುದಿಲ್ಲ.

ಅನುದಾನದ ಬಗ್ಗೆ: ಸದಸ್ಯರ ಬಾಯಿಮಾತು ಸಾಲದು. ಕೌನ್ಸಿಲ್ ಠರಾವಿನ ಪ್ರತಿ ಕೇಳಿ. ಅದರಲ್ಲಿ 'ದುರಸ್ತಿ' ಅಂತ ಇದೆಯೋ 'ಹಸ್ತಾಂತರ' ಅಂತ ಇದೆಯೋ ಓದಿ.

ಬಡಾವಣೆ ಕಾರ್ಯದರ್ಶಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಕ್ಷೆ ಸಿಕ್ಕಿತು. ಹಾಲ್ ಇರುವುದು ಸಂಘದ ಸೈಟಿನಲ್ಲೇ. ಹಿಂದಿನ ಅಡುಗೆಮನೆಯ ಒಲೆಕಟ್ಟೆ ಮತ್ತು ಪಾತ್ರೆ ತೊಳೆಯುವ ಜಾಗ ಮಾತ್ರ ಪಾರ್ಕಿನೊಳಗೆ ಹೋಗಿದೆ. ಅಷ್ಟನ್ನು ಒಡೆದು ನಮ್ಮ ಸೈಟಿನೊಳಗೆ ತರೋಣ ಎಂದು ಕಮಿಟಿಯಲ್ಲಿ ಹೇಳಿದ್ದೇನೆ, ಇಬ್ಬರು ಮುನಿಸಿಕೊಂಡಿದ್ದಾರೆ. ಛಾವಣಿಗೆ ಮತ್ತೆ ಚಂದಾ ಎತ್ತುತ್ತೇವೆ. ಪುರಸಭೆಯಿಂದ ಹೊರಗಿನ ಚರಂಡಿ ಮತ್ತು ಬೀದಿದೀಪ ಕೇಳುತ್ತೇವೆ, ಅದು ಅವರು ಮಾಡಬೇಕಾದ ಕೆಲಸವೇ.

ಕುಂದಾಪುರದ ತಂಗಿ, ನಿಮ್ಮ ಪ್ರಶ್ನೆಯನ್ನು ಸಭೆಯಲ್ಲಿ ಹಾಗೇ ಓದಿದೆ. 'ಆಗಿಲ್ಲ' ಎಂಬ ಉತ್ತರ ಬಂತು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದಿ, ವಾರ್ಡಿನ ಯಾರಿಗೇ ಆದರೂ ಒಂದೇ ದರ ಎಂದು ಸೇರಿಸುವ ಪ್ರಯತ್ನದಲ್ಲಿದ್ದೇನೆ. ನಿಮ್ಮ ಮಂಡಲದ ಕರಾರಿನ ಪ್ರತಿ ಇದ್ದರೆ ದಯವಿಟ್ಟು ಇಲ್ಲಿ ಫೋಟೋ ಹಾಕಿ.